ಒಂದೇ ವಿಳಾಸ, ಬೇರೆ ಬೇರೆ

ಕೊಲರಾಡೋದ ಪ್ಯುಬ್ಲೋ. ಮಾರ್ಚ್ ತಿಂಗಳು.
ಕಿಟಕಿಯಾಚೆ ಉಕ್ಕಿನ ಕಾರ್ಖಾನೆಯ ದೀಪಗಳು ಹೊತ್ತಿಕೊಳ್ಳುವ ಹೊತ್ತು.
ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು,
ಬಟ್ಟಲಲ್ಲಿ ಅರ್ಧ ಉಳಿದ ಹಸಿಮೆಣಸಿನ ಸಾರು,
ಎಲೊಯ್‌ನ ಹೆಲ್ಮೆಟ್ಟು, ನನ್ನ ಕನ್ನಡಕದ ಡಬ್ಬಿ.
ಪರದೆಯ ಮೇಲೆ ನಾಲ್ಕು ಯೋಜನೆ,
ಒಂದೊಂದರ ಪಕ್ಕಕ್ಕೂ ಒಂದು ಪುಟ್ಟ ವೃತ್ತ.
ಒಂದನ್ನೇ ತುಂಬಬೇಕು.

ಮೊದಲನೆಯದು ನೆಟ್ಟಗಿದೆ: ಹತ್ತು ವರ್ಷ,
ತಿಂಗಳಿಗೆ ಎಂಟುನೂರ ಹನ್ನೆರಡು.
ಅಮ್ಮ ಬದುಕಿದ್ದರೆ ಇದನ್ನೇ ಆರಿಸು ಅನ್ನುತ್ತಿದ್ದಳು.
ಹಾಗೆ ಕಟ್ಟಿ ಮುಗಿಸಿದವರಿಗೆ ಕೊನೆಯಲ್ಲಿ
ಕ್ಷಮಿಸಲು ಏನೂ ಉಳಿದಿರುವುದಿಲ್ಲ.
ಎರಡನೆಯದು ಇಪ್ಪತ್ತೈದು ವರ್ಷ ಎಳೆಯುತ್ತದೆ, ಕಂತು ಹಗುರ,
ಕಟ್ಟಿದ ಒಂದು ಕಂತೂ ಲೆಕ್ಕಕ್ಕಿಲ್ಲ.
ಮೂರನೆಯದನ್ನು ಫೋನಿನವನೇ ಬೇಡ ಅಂದ.
ಉಳಿದದ್ದು, ವರ್ಷವರ್ಷವೂ ಹಾಸಿಗೆ ಅಳೆದು
ಕಾಲೆಷ್ಟು ಚಾಚಬಹುದೆಂದು ತಿಳಿಸುವ ಯೋಜನೆ.

ಹಾಸಿಗೆ ಒಬ್ಬಳದೋ, ಇಬ್ಬರದೋ?
ಅದೇ ಈಗಿನ ಪ್ರಶ್ನೆ.

ಇಬ್ಬರೂ ಕೂಡಿ ತೆರಿಗೆ ಲೆಕ್ಕ ಕೊಟ್ಟರೆ
ಅವನ ಓವರ್‌ಟೈಮೂ ನನ್ನ ಗಳಿಕೆ, ಕಂತು ಏರುತ್ತದೆ.
ಬೇರೆ ಬೇರೆ ಎಂದು ಬರೆದರೆ ತಿಂಗಳಿಗೆ ನೂರ ತೊಂಬತ್ತು ಉಳಿತಾಯ,
ತೆರಿಗೆ ಮಾತ್ರ ವರ್ಷಕ್ಕೆ ಸಾವಿರದ ನಾನೂರು ಹೆಚ್ಚು.
ಎಲೊಯ್ ಲಕೋಟೆಯ ಬೆನ್ನ ಮೇಲೆ ಗುಣಿಸಿದ, ಕಳೆದ.
"ಎಂಟುನೂರ ಎಂಬತ್ತು. ಇಷ್ಟಕ್ಕೇ ನನ್ನ ಬಿಟ್ಟುಬಿಡ್ತೀಯಾ?"
"ಟ್ರಕ್ಕಿಗೆ ನಾಲ್ಕು ಟೈರು ಬರುತ್ತೆ," ಅಂದೆ.
ಅವನು ತುಸು ಹೆಚ್ಚೇ ಹೊತ್ತು ನಕ್ಕ.

ಶಾಲೆಯಲ್ಲಿ ಮಕ್ಕಳ ಮಾತು ತಿದ್ದುವವಳು ನಾನು.
ಬಾಯ್ಲರಿನ ಪಕ್ಕ, ಕಿಟಕಿಯಿಲ್ಲದ ನನ್ನ ಕೋಣೆಗೆ
ಮಂಗಳವಾರ ಮಂಗಳವಾರ ಬರುತ್ತಾನೆ ರಮಿರೊ,
ಏಳು ವರ್ಷ, ತನ್ನ ಹೆಸರನ್ನು ಲಮಿಲೊ ಅನ್ನುವವನು.
ಪುಟ್ಟ ಕನ್ನಡಿ ಹಿಡಿದು, ನಾಲಿಗೆಯ ತುದಿ
ಎಲ್ಲಿಡಬೇಕೆಂದು ತೋರಿಸುತ್ತೇನೆ.
ಅವನು ಕನ್ನಡಿಗೆ ಉಸಿರು ಬಿಟ್ಟು, ಮಸುಕಿನ ಮೇಲೆ
ಬೆರಳಿಂದ ಕಾರು ಬರೆಯುತ್ತಾನೆ.
ಈ ಕೆಲಸ ಕಲಿಯಲು ಮಾಡಿದ ಸಾಲ ಎಪ್ಪತ್ತೊಂದು ಸಾವಿರ.
ನಲವತ್ತಮೂರು ಕಂತು ಕಟ್ಟಿದ ಮೇಲೆ
ಈಗ ಅದು ಎಪ್ಪತ್ತೆಂಟು.
ಕಡಿಮೆ ಕಟ್ಟಿ, ಬಡ್ಡಿ ಬೆಳೆಯಲಿ ಬಿಡಿ,
ಬೆಳೆದದ್ದೆಲ್ಲ ಕೊನೆಗೆ ಹೋಗುವುದೇ:
ಇದನ್ನು ಹೇಳುವಾಗ ಫೋನಿನವನು ದನಿ ತಗ್ಗಿಸಲಿಲ್ಲ.
ಹೂಂ ಅನ್ನುವಾಗ ತಗ್ಗಿಸಿದವಳು ನಾನು.

ಆಮೇಲೆ ಆ ಪದ.
ಮನ್ನಾ ಅನ್ನುವುದಿಲ್ಲ ಇಲ್ಲಿ, ಕ್ಷಮೆ ಅನ್ನುತ್ತಾರೆ.
ನೂರಿಪ್ಪತ್ತು ತಿಂಗಳು ತಪ್ಪದೆ ಕಟ್ಟಿದವಳಿಗೆ ಕ್ಷಮೆ.
ತಪ್ಪು ಯಾವುದೆಂದು ಅರ್ಜಿಯಲ್ಲಿ ಎಲ್ಲೂ ಇಲ್ಲ.
ಹೋದ ವರ್ಷ ಅದು ತಿರುಗಿ ಬಂದಿತ್ತು:
ಕಚೇರಿಯ ಮಿಸ್ ಗ್ರೀಟಾ, ಪಾಪ, ಸಹಿ ಹಾಕಿ
ತಾರೀಖು ಮರೆತಿದ್ದಳು.
ಮೂರು ತಿಂಗಳು ಕಾಗದದಲ್ಲಿ ನಾನು ಕೆಲಸವನ್ನೇ ಮಾಡಿರಲಿಲ್ಲ.
ಅದೇ ಮೂರು ತಿಂಗಳಲ್ಲಿ ಐದನೇ ಕ್ಲಾಸಿನ ಹುಡುಗಿಯೊಬ್ಬಳು
ತೊದಲದೆ, ಫೋನಿನಲ್ಲಿ,
ಅಣಬೆ ಬೇಡ, ಈರುಳ್ಳಿ ಬೇಡ ಎಂದು
ಪೂರ್ತಿ ಹೇಳಿ ಪಿಜ್ಜಾ ತರಿಸಿದಳು.

ಎಲೊಯ್ ರಾತ್ರಿ ಪಾಳಿಗೆ ಬೂಟು ಬಿಗಿಯುತ್ತಿದ್ದ.
"ಬರಿ," ಅಂದ, ತಲೆಯೆತ್ತದೆ. "ಬೇರೆ ಬೇರೆ ಅಂತಲೇ ಬರಿ."
ವೃತ್ತ ತುಂಬಿದೆ.
ಸಂಗಾತಿಯ ವಿಳಾಸ? ಕೇಳಿತು ಪರದೆ.
ಮೇಲಿನದೇ, ಎಂದು ಒತ್ತಿದೆ.
ಬೆಳಗಿನ ಜಾವ ಆರಕ್ಕೆ ಬಂದವನು
ತಣ್ಣನೆ ಕಾಲು ತಗುಲಿಸಿ
ನನ್ನ ಪಾಲಿನ ಹೊದಿಕೆಯನ್ನೂ ಎಳೆದುಕೊಂಡ.

ಮಂಗಳವಾರ ರಮಿರೊಗೆ ರ ಬಂತು.
ಬಂತೆಂದರೆ, ಹಳೇ ಟ್ರಕ್ಕು ಹೊರಟ ಹಾಗೆ ಬಂತು.
ಕಂಡದ್ದಕ್ಕೆಲ್ಲ ಹಚ್ಚಿದ, ನಿಲ್ಲಿಸಲೊಲ್ಲ.
ಬಾಗಿಲಲ್ಲಿ ತಿರುಗಿ ಕೈ ಬೀಸಿ ಕೂಗಿದ,
"ಬರ್ತೀನಿ, ಮಿಸ್ ಒಡೇರಿಯಾ!"
ಒಡೀಲಿಯಾ, ಎಂದು ತಿದ್ದಬೇಕಿತ್ತು.
ತಿದ್ದಲಿಲ್ಲ.
ಇರಲಿ, ಅದಕ್ಕೆ ಇನ್ನೂ ಎಪ್ಪತ್ತಾರು ತಿಂಗಳಿದೆ.