ಕೊಯ್ದು ನೋಡು

ವರೇನಾದ ಮರಳುದಾರಿ. ಪೈನ್ ಮುಗಿದು ಭೂರ್ಜ ಶುರುವಾಗುವಲ್ಲಿ
ಔದ್ರೊನೆ ಮಂಡಿಯೂರಿದಳು.
ಪಾಚಿಯಲ್ಲಿ ಅರ್ಧ ಹೂತ ಮೂರು ಗುಂಡು,
ಹಳದಿ ತೊಗಲು, ಒಡೆದ ಹಿಮ್ಮಡಿಯ ಹಾಗೆ ಬಿರುಕು.

'ಇದೇ ತಾನೆ ನಿನ್ನೆ ಬೆಣ್ಣೆಯಲ್ಲಿ ಹುರಿದದ್ದು?'
ಉತ್ತರವಿಲ್ಲ. ಒತ್ತಿದಳು: ಕಲ್ಲು.
ಕಾಂಡವಿಲ್ಲ, ಬುಡದಲ್ಲಿ ಬೇರಿನಂಥ ಜುಂಗು, ಅಷ್ಟೆ.
ಚಾಕು ಇಳಿಯಿತು.

ನಿನ್ನೆಯದು ಗಟ್ಟಿಮೊಸರಿನ ಬಿಳುಪು.
ಇದರೊಳಗೆ ನೇರಳೆಗಪ್ಪು, ನಡುವೆ ಸಣ್ಣ ಬಿಳಿ ಎಳೆ,
ಮತ್ತೆ ಬಿಸಿಲಿಗಿಟ್ಟ ಸೈಕಲ್ ಟ್ಯೂಬಿನ ವಾಸನೆ.

'ನನ್ನ ತಂಗಿ ಕೊಯ್ಯದೆ ಬೇಯಿಸಿದಳು.
ಎರಡು ದಿನ ಬಕೆಟ್ಟು ಬಿಡಲಿಲ್ಲ.
ಈಗಲೂ ನನ್ನ ಮನೆಯ ರೊಟ್ಟಿಯನ್ನೂ ಮೂಸಿಯೇ ತಿನ್ನುವುದು.'

ಒದೆಯಲು ಕಾಲೆತ್ತಿದೆ.
ತಡೆದು, ಎರಡು ಹೋಳನ್ನೂ ಜೋಡಿಸಿ
ಪಾಚಿ ಹೊದಿಸಿದಳು:
'ಭೂರ್ಜದ ಜೊತೆ ಇದಕ್ಕೆ ಲೇವಾದೇವಿ ಇದೆ.'

ಚಾಕು ಲಂಗಕ್ಕೆ ಒರೆಸಿದಳು.
ನೇರಳೆ ಹೋಗಲಿಲ್ಲ.