ಮೂರು ಹತ್ತಕ್ಕೆ ಜುಂಬೆರ್

ಕುತಾಯಿಸಿಯಲ್ಲಿ ಇವತ್ತೂ ಮೂಡಣ ಗಾಳಿ.
ನೀರು ಸರಬರಾಜು ಕಚೇರಿಯ ಕಿಟಕಿ ಸಂದಿಗೆ
ಹಳೇ ಪತ್ರಿಕೆ ಮಡಚಿ ತುರುಕಿದ್ದೇನೆ, ಆದರೂ ಸಿಳ್ಳೆ.
ಕೆಳಗೆ ರಿಯೋನಿ, ಬಿಳಿಗಲ್ಲುಗಳ ಮೇಲೆ ತನ್ನ ಪಾಡಿಗೆ.
ಮೇಲೆ ನಾನು, ಎತೇರಿ, ಐವತ್ತೆಂಟು,
ಹನ್ನೊಂದು ಪಂಪುಗಳ ಉಸಿರು ಎಣಿಸುವವಳು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಂತಾರಲ್ಲ, ಹಾಗೇನಿಲ್ಲ.
ನಾನು ಬಿಟ್ಟುಕೊಳ್ಳುವುದು ಔಷಧಿಯಂಗಡಿಯ ಹನಿ,
ಎರಡು ಗಂಟೆಗೊಮ್ಮೆ.
ಪರದೆಯಲ್ಲಿ ಹಸಿರು ಗೆರೆ:
ಪ್ರೊಸೆಸರ್ ಹನ್ನೆರಡು, ಹದಿನಾಲ್ಕು, ಮತ್ತೆ ಹನ್ನೆರಡು.
ಮೆಮೊರಿ ಅರ್ಧಕ್ಕಿಂತ ತುಸು ಮೇಲೆ.
ಏನೂ ಆಗಲಿಲ್ಲ ಎಂಬುದನ್ನೇ
ನಿಮಿಷಕ್ಕೆ ನಲವತ್ತು ಸಾಲು ಬರೆಯುತ್ತದೆ ಯಂತ್ರ.
ಏನೂ ಆಗದಿದ್ದುದಕ್ಕೆ ನನಗೆ ಸಂಬಳ.

ಮೂರು ಹತ್ತಕ್ಕೆ ಮಾತ್ರ
ಗೆರೆ ತಟ್ಟನೆ ಏಳುತ್ತದೆ,
ಪರಿಚಿತ ಹೆಜ್ಜೆಗೆ ನಾಯಿ ಎದ್ದ ಹಾಗೆ.
ಲಾಗಿನಲ್ಲಿ ಒಂದು ಸಾಲು:
ಬಳಕೆದಾರ ಜುಂಬೆರ್ ಒಳಗೆ ಬಂದರು. ಯಶಸ್ವಿ.
ಹನ್ನೊಂದು ನಿಮಿಷ.
ಬಳಕೆದಾರ ಜುಂಬೆರ್ ಹೊರಟರು.

ಜುಂಬೆರ್ ಹೊರಟು ಏಳು ತಿಂಗಳು.
ಹೆಗಲು ಕೊಟ್ಟವರಲ್ಲಿ ನನ್ನ ತಮ್ಮನೂ ಇದ್ದ.
ಕೀಲಿಮಣೆ ಬೋರಲು ಹಾಕಿ ತಟ್ಟಿದರೆ
ಅವನು ತಿಂದ ಜೋಳದ ರೊಟ್ಟಿಯ ಚೂರು ಈಗಲೂ ಉದುರುತ್ತದೆ.
ಮಾತು ಕಡಿಮೆ. ಏನು ಬರೆದಿಟ್ಟು ಹೋದ,
ಯಾಕೆ ಬರುತ್ತಾನೆ, ನಾನು ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ.
ರಾತ್ರಿಪಾಳಿಯಲ್ಲಿ ಒಬ್ಬರು ಬಂದು ಹೋದರೆ
ಬೇಡ ಅನ್ನುವವರುಂಟೆ?

ತ್ಬಿಲಿಸಿಯಿಂದ ತಪಾಸಣೆಯವರು ಬಂದರು.
ಸತ್ತವರ ಖಾತೆ ತೆರೆದಿಡುವುದು ಅಪಾಯ ಅಂದರು.
ನಿಜ.
ಲಾಶಾ ಒಂದು ಗುಂಡಿ ಒತ್ತಿದ. ಹೆಸರು ಬೂದಿಬಣ್ಣಕ್ಕೆ ತಿರುಗಿತು.

ಅಂದು ಮೂರು ಹತ್ತಕ್ಕೆ ಕೆಂಪು ಸಾಲು:
ಬಳಕೆದಾರ ಜುಂಬೆರ್. ಪ್ರವೇಶ ನಿರಾಕರಿಸಲಾಗಿದೆ.
ಮರುದಿನವೂ. ಅದರ ಮರುದಿನವೂ.
ಡಿಸ್ಕ್ ಎಂಬತ್ತೊಂದು, ಎಂಬತ್ತೈದು, ತೊಂಬತ್ತು.
ತುಂಬಿದ ಕೊಡ ತುಳುಕುವುದಿಲ್ಲ ಎಂಬ ಮಾತು
ಕೊಡಕ್ಕೆ ಸರಿ.
ಆರನೇ ರಾತ್ರಿ ಏಳನೇ ಪಂಪು ತನ್ನ ಒತ್ತಡ ಎಷ್ಟೆಂದು
ಬರೆಯಲು ಜಾಗವಿಲ್ಲದೆ ಸುಮ್ಮನಾಯಿತು.
ಮೇಲಿನ ಕೇರಿಯ ನಲ್ಲಿಗಳು ಕೆಮ್ಮಿದವು.
ತೋನೆ ಒಲೆಯ ಗುರಾಮ್ ನಾಲ್ಕಕ್ಕೇ ಫೋನ್ ಮಾಡಿದ:
ಎತೇರಿ, ನಿದ್ದೆಯಾ? ಇಲ್ಲಿ ಹಿಟ್ಟು ಬಿಗಿಯುತ್ತಿದೆ.

ಆಮೇಲೆ ನಾನು ಹಿಮ್ಮುಖವಾಗಿ ಓದಿದೆ,
ಕೆಂಪಿಂದ ಕೆಂಪಿಗೆ, ಹಿಂದಿನ ಹಸಿರಿಗೆ.
ಕೊನೆಗೆ ಅವನ ಕಡತ. ಇಪ್ಪತ್ತು ಸಾಲು.
ಪಂಪುಗಳು ರಾತ್ರಿಯಿಡೀ ಚೆಲ್ಲುವ ಕಸ ಗುಡಿಸುವುದು, ಅಷ್ಟೇ.
ತಲೆಯಲ್ಲೊಂದು ಟಿಪ್ಪಣಿ:
ಇದನ್ನು ಮುಟ್ಟಬೇಡಿ. ಮುಟ್ಟಲೇಬೇಕಿದ್ದರೆ ನನಗೆ ಫೋನ್ ಮಾಡಿ.

ಮಾಡಿದೆ.
ಎತ್ತಿದ್ದು ಬತುಮಿಯ ಯಾರೋ ಹುಡುಗಿ.
ನಂಬರು ಹೋದ ತಿಂಗಳು ಕೊಂಡದ್ದಂತೆ.
ಇಷ್ಟು ಹೊತ್ತಿಗೆ ಯಾರು, ಏನಾಯಿತು, ಅಂದಳು.
ಏನೂ ಆಗಲಿಲ್ಲ ಮಗಳೇ, ಮಲಗು, ಅಂದೆ.

ಅವನ ಹೆಸರಿದ್ದ ಕಡೆ ನನ್ನದು ಹಾಕಿದೆ.
ಮರುರಾತ್ರಿ ಮೂರು ಹತ್ತಕ್ಕೆ:
ಬಳಕೆದಾರ ಎತೇರಿ ಒಳಗೆ ಬಂದರು.
ನಾನು ಆಗಲೇ ಒಳಗಿದ್ದೆ, ಶಾಲು ಹೊದ್ದು.

ಲಾಗಿಗೆ ನಲವತ್ತು ದಿನದ ಜಾಗ.
ಹೊಸ ಸಾಲು ಬಂದಂತೆ ಹಳೆಯದು ಅಂಚಿಂದ ಜಾರುತ್ತದೆ.
ನಮ್ಮಲ್ಲೂ ಸತ್ತವರು ನಲವತ್ತು ದಿನ
ಮನೆಯ ಸುತ್ತಲೇ ಇರುತ್ತಾರೆ ಅಂತಾರೆ.
ಅವನ ಕೊನೆಯ ‘ಯಶಸ್ವಿ’ ಜಾರುವ ರಾತ್ರಿ
ಸಣ್ಣ ಬಾಟಲಿ ತಂದೆ. ರೊಟ್ಟಿ ಮುರಿದು
ಮೇಲೆ ಒಂದೆರಡು ಹನಿ ವೈನ್ ಬಿಟ್ಟೆ, ಕೀಲಿಮಣೆಯಿಂದ ದೂರ.
ಬ್ಯಾಕಪ್ ತೆಗೆದಿಡಲಾ ಎಂದು ಲಾಶಾ ಸಂಜೆಯೇ ಕೇಳಿದ್ದ.
ಬೇಡ ಅಂದಿದ್ದೆ.

ಸಾಲು ಹೋಯಿತು. ಸದ್ದಿಲ್ಲ.
ಇನ್ನೂ ಆರು ಕೆಂಪು ಸಾಲುಗಳಿವೆ, ಬಾಗಿಲಾಚೆ ನಿಂತವು.
ಅವಕ್ಕೂ ಒಂದು ವಾರ.

ಡಿಸ್ಕ್ ಅರವತ್ತೆರಡು. ಗಾಳಿ ಹಾಗೇ ಇದೆ.
ಗಂಟೆ ನಾಲ್ಕೂವರೆ.
ಗುರಾಮ್ ಫೋನ್ ಮಾಡಲಿಲ್ಲ.