ಮೂರನೇ ಡಬ್ಬಿ

ತಪ್ಪು ನನ್ನದೇ. ಐವತ್ತು ವರ್ಷವಾಯಿತು,
ಈಗ ಒಪ್ಪಿಕೊಂಡರೆ ಸಂಬಳ ಮುರಿಯುವವರು ಯಾರೂ ಉಳಿದಿಲ್ಲ.

ಭದ್ರಾವತಿ, ಕಬ್ಬಿಣದ ಕಾರ್ಖಾನೆಯ ಕ್ಲಬ್ಬಿನ ಅಂಗಳ.
ಎರಡು ಗಳುವಿಗೆ ಕಟ್ಟಿದ ಆಸ್ಪತ್ರೆಯ ಬಿಳಿ ಬಟ್ಟೆ,
ಮೂಲೆಯಲ್ಲಿ ಅಯೋಡಿನ್ ಕಲೆ;
ಆಕಾಶ ತೋರಿಸಿದಾಗೆಲ್ಲ ಅಲ್ಲೊಂದು ಮೋಡ.
ಮದರಾಸಿನಿಂದ ರೈಲಿನಲ್ಲಿ ಬಂದ ನಾಲ್ಕು ತಗಡಿನ ಡಬ್ಬಿ,
ಒಳಗೆ ಇಂಗ್ಲಿಷಿನ ಪ್ರೇಮ, ಹಾಡು ಕುಣಿತ ಸಮೇತ.

ಟೈಪಿಸ್ಟ್ ಸುಗುಣಾಬಾಯಿ ಮೈಕು ಹಿಡಿದು ಪರದೆಯ ಪಕ್ಕ,
ನಮಗೆಲ್ಲ ಕನ್ನಡದಲ್ಲಿ ತಿಳಿಸಲು:
"ಈಕೆ ಟೋಪಿ ಅಂಗಡಿಯವಳು. ಆತ ಪಿಯಾನೊ ರಿಪೇರಿಯವನು.
ಗೋಡೆಯಾಚೆ ಈಕೆ ಹಾಡುವುದನ್ನು ಕೇಳಿ, ಮುಖ ನೋಡದೆಯೇ
ಆತನಿಗೆ ಈಕೆಯ ಮೇಲೆ..." ನಿಲ್ಲಿಸಿದಳು, ಕೆಮ್ಮಿದಳು,
"ಅಭಿಮಾನ" ಎಂದಳು.
ಹಿಂದಿನ ಬೆಂಚು ಹೋ ಎಂದಿತು.

ಹಾಡು ಬಂದಾಗ ಮೈಕು ಕೆಳಗಿಳಿಸುವಳು.
"ಯಾಕಮ್ಮ, ಹಾಡಿಗೆ ಅರ್ಥ ಇಲ್ವಾ?" ಕುಲುಮೆಯ ಮಸ್ತಾನ್ ಸಾಬಿ.
"ಇದೆ. ನಿಮಗೇ ತಿಳಿಯುತ್ತೆ."
ಕ್ಯಾಂಟೀನಿನ ಕುಂಜಮ್ಮನಿಗೆ ಬೇರೆಯೇ ಅನುಮಾನ:
"ಅವರಿಬ್ಬರು ಕುಣೀಲಿ, ಸರಿ. ಆ ಪೊಲೀಸಿನವನು ಯಾಕೆ ಕುಣೀತಾನೆ?
ಅವನಿಗೆ ಹೆಜ್ಜೆ ಯಾವಾಗ ಕಲಿಸಿದ್ರು?"

ನಾನಿನ್ನೂ ಆ ಕೆಮ್ಮಿನಲ್ಲೇ ಇದ್ದೆ.
ಎರಡನೆಯದು ಬಿಟ್ಟು ಮೂರನೇ ಡಬ್ಬಿ ಬಿಚ್ಚಿದೆ.

ಪರದೆಯಲ್ಲಿ ಏಕಾಏಕಿ ಒಂದೇ ಮನೆ, ಒಂದೇ ಮೇಜು,
ಒಡೆದ ತಟ್ಟೆ. ಪೆಟ್ಟಿಗೆ ಹಿಡಿದು ಹೊರಟಳು ಅವಳು.
ಸುಗುಣಾಬಾಯಿ ಗಕ್ಕನೆ ತಿರುಗಿ ಬೆಳಕಿನೊಳಕ್ಕೆ,
ಕಣ್ಣು ಕಿರಿದು ಮಾಡಿ, ನನ್ನನ್ನು ನೋಡಿದಳು.
ಅವಳ ನೆರಳು ಆ ಸಂಸಾರದ ಮೇಲೆ ಬಿತ್ತು.
ಆಮೇಲೆ ಮೈಕಿಗೆ, ಏನೂ ಆಗದವಳ ಹಾಗೆ:
"ಮದುವೆ ಆಗಿಹೋಯಿತು. ನಮಗೆ ಕರೆ ಬಂದಿರಲಿಲ್ಲ, ಅಷ್ಟೆ."

ಮುಂದೆ ಎರಡನೇ ಡಬ್ಬಿಯ ರೈಲು ನಿಲ್ದಾಣ.
ಹಾಳು ಹೊತ್ತು, ಖಾಲಿ ಕಟ್ಟೆ. ಟೋಪಿ ತೆಗೆದು
ಅವನು ಏನೋ ಕೇಳುತ್ತಾನೆ, ತೊದಲುತ್ತಾನೆ.
"ನಿಮ್ಮ ಹೆಸರೇನು ಅಂತಿದ್ದಾನೆ," ಎಂದಳು ಸುಗುಣಾಬಾಯಿ,
"ಹೆಂಡತಿಯನ್ನೇ. ಮತ್ತೆ ಮೊದಲಿನಿಂದ."

ಅವರು ಕುಣಿದರು. ಯಾರೂ ಸೀಟಿ ಹಾಕಲಿಲ್ಲ.
ಅತ್ತ ಕುಲುಮೆಯ ಬಾಯಿ ತೆರೆದು ಆಕಾಶ ಕೆಂಪಾಯಿತು,
ಬಟ್ಟೆಯೂ, ಅವಳ ಬಿಳಿ ಲಂಗವೂ, ಅಯೋಡಿನ್ ಮೋಡವೂ.
ಹತ್ತರ ಪಾಳಿಯ ಸೈರನ್ ಕೂಗಿತು.
ಮಸ್ತಾನ್ ಸಾಬಿ ಎದ್ದ, ಮತ್ತೆ ಕೂತ.

ಕ್ರೇನಿನ ತಿಪ್ಪೇಶಿ, ಕ್ವಾರ್ಟರ್ಸ್ ಇನ್ನೂರ ಹದಿನಾಲ್ಕು,
ಹೆಂಡತಿಯೊಡನೆ ಆರು ವರ್ಷ ಮಾತು ಬಿಟ್ಟಿದ್ದ.
ಉಪ್ಪು ಬೇಕಾದರೂ ಮಗನ ಮೂಲಕ: "ನಿಮ್ಮಮ್ಮನಿಗೆ ಹೇಳು."
ಮರುದಿನ ಬೆಳಿಗ್ಗೆ ನಲ್ಲಿಯ ಸಾಲಿನಲ್ಲಿ, ನಾಲ್ಕು ಜನರೆದುರು,
"ನಿಮ್ಮ ಹೆಸರೇನು?" ಎಂದನಂತೆ.
ತುಂಬಿದ ಬಿಂದಿಗೆ ಅವನ ತಲೆಯ ಮೇಲೆ ಸುರಿದಳು.
ಆಮೇಲೆ ಹೇಳಿದಳು,
ತವರಿನಲ್ಲಿ ಕರೆಯುತ್ತಿದ್ದ ಹೆಸರು,
ಅವನು ಅದುವರೆಗೆ ಕೇಳಿರದಿದ್ದದ್ದು.

ಹೋದ ತಿಂಗಳು ತಂಗಿಯ ಮೊಮ್ಮಗಳು ಜೆಸಿಂತ
ಫೋನಿನಲ್ಲಿ ಹುಡುಕಿ ಹಾಕಿದಳು. ಎಲ್ಲ ಕ್ರಮವಾಗಿದೆ.
ಮೊದಲು ಹೆಸರು ಕೇಳುತ್ತಾನೆ; ಗುರುತಿಲ್ಲದ ಹುಡುಗಿಯನ್ನು
ಯಾರಾದರೂ ಕೇಳುವುದೇ. ಆಮೇಲೆ ಮದುವೆ, ತಟ್ಟೆ, ಪೆಟ್ಟಿಗೆ.
"ಇಲ್ಲಿಂದ ಅಲ್ಲಿಗೆ ಹಾರಿಸು," ಎಂದೆ, "ಆಮೇಲೆ ಹಿಂದಕ್ಕೆ ಬಾ."
"ಹಾಗ್ಯಾರು ನೋಡ್ತಾರೆ ತಾತ?"
ಒಂದಿಡೀ ಊರು ನೋಡಿತ್ತು ಮಗು.

ಆ ರಾತ್ರಿ ನಾನು ಸುರುಳಿ ಹಿಂದಕ್ಕೆ ಸುತ್ತುತ್ತಿದ್ದಾಗ
ಮೈಕಿನ ತಂತಿ ಮಡಿಸಿಕೊಂಡು ಬಂದಳು.
"ಅಂತಪ್ಪ, ಮುಂದಿನ ಸಲ ಹೇಳಿ ತಪ್ಪು ಮಾಡಿ."
ಮುಂದಿನ ಚಿತ್ರ ಬರುವಷ್ಟರಲ್ಲಿ ಅವಳಿಗೆ ಹರಿಹರದ ಕಡೆ ಗಂಡು ಗೊತ್ತಾಗಿತ್ತು.

ಡಬ್ಬಿ ಇನ್ನೂ ಬಿಸಿಯಿತ್ತು, ಅದರ ಮೇಲೆ ಅವಳ ಕೈ.
ಹೆಸರು ನನಗೆ ಗೊತ್ತಿತ್ತು, ನಿಜ.
ಆದರೂ ಕೇಳಬಹುದಿತ್ತು.